ಹಾಳೆ ಬಂಡಿ ಕಲಿಸಿದ ಪಾಠ



ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನ ಪಠ್ಯದಲ್ಲಿ ಉದ್ಯಮಶೀಲತೆಯ ಬಗ್ಗೆ ಒಂದು ಅಧ್ಯಾಯವಿದೆ. ಪ್ರತಿ ವರ್ಷ ನಾನು ಅದನ್ನು ಪಾಠ ಮಾಡುತ್ತೇನೆ, ನೀವು ಅದರ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತೀರಿ, ಪರೀಕ್ಷೆಯಲ್ಲಿ ಬರೆಯುತ್ತೀರಿ, ನಾನು ಅಂಕ ಕೊಡುತ್ತೇನೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಆದರೆ ಆ ಅಧ್ಯಾಯದಲ್ಲಿ ಇಲ್ಲದ ಒಂದು ಮಾತನ್ನು ಕಲ್ಲುಗುಂಡಿಯ ನಮ್ಮ ಮನೆಯಂಗಳ ನನಗೆ ಕಲಿಸಿತು. ತಡವಾಗಿ ಕಲಿತೆ. ತಡವಾದದ್ದಕ್ಕೆ ಒಬ್ಬ ವಿದ್ಯಾರ್ಥಿ ಬೆಲೆ ತೆತ್ತ. ಅದನ್ನೂ ಮುಚ್ಚಿಡದೆ ಇಲ್ಲಿ ಹೇಳುತ್ತೇನೆ.

ಒಂದು ಹಾಳೆ, ಎಷ್ಟು ಉಪಯೋಗ?

ಅಡಿಕೆ ತೋಟದ ಪಕ್ಕ ಬೆಳೆದ ನಮಗೆಲ್ಲ ಹಾಳೆ ಬಂಡಿ ಗೊತ್ತು. ಒಣಗಿ ಬಿದ್ದ ಸೋಗೆಯ ಹಾಳೆಯ ಮೇಲೆ ಒಬ್ಬರು ಕುಳಿತುಕೊಳ್ಳುವುದು, ಇನ್ನೊಬ್ಬರು ತುದಿ ಹಿಡಿದು ಎಳೆಯುವುದು. ಅಂಗಳದಲ್ಲಿ ಅದು ಕಾರು. ಇಳಿಜಾರಿನಲ್ಲಿ ಅದೇ ಸುಳ್ಯಕ್ಕೆ ಹೋಗುವ ಬಸ್ಸು. ಮಳೆ ಬಂದರೆ ಕೊಡೆ, ಸೆಕೆಯಾದರೆ ಬೀಸಣಿಗೆ, ಕ್ರಿಕೆಟ್ ಆಡುವಾಗ ಕಾಲಿಗೆ ಕಟ್ಟುವ ಪ್ಯಾಡ್. ಇದನ್ನೆಲ್ಲ ನಮಗೆ ಯಾರೂ ಕಲಿಸಿರಲಿಲ್ಲ.

ದೊಡ್ಡವರ ಕಣ್ಣಿಗೆ ಅದು ತೋಟದ ಕಸ. ಹೆಚ್ಚೆಂದರೆ ದನದ ಕೊಟ್ಟಿಗೆಗೆ, ಗೊಬ್ಬರಕ್ಕೆ. ನಮ್ಮ ಹಿರಿಯರು ಅದರಿಂದಲೇ ಮುಟ್ಟಾಳೆ ಮಾಡಿ ತಲೆಗೆ ಇಟ್ಟುಕೊಂಡಿದ್ದರು ಎನ್ನುವುದು ಬೇರೆ ಮಾತು. ಮುಂದೆ ಯಾರೋ ಅದೇ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿಟ್ಟು ಒತ್ತಿ ಊಟದ ತಟ್ಟೆ ಮಾಡಿದರು. ಇಂದು ಮದುವೆ ಮನೆಗಳಲ್ಲಿ ನಾವು ಹಾಳೆ ತಟ್ಟೆಯಲ್ಲಿ ಉಣ್ಣುತ್ತೇವೆ. ನಮ್ಮ ತಾಲೂಕುಗಳಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದೆರಡು ಯಂತ್ರ ಇಟ್ಟುಕೊಂಡು ಅದರಿಂದಲೇ ಜೀವನ ಸಾಗಿಸುವ ಕುಟುಂಬಗಳಿವೆ.

ಹಾಳೆಯನ್ನು ಕಾರು ಎಂದು ಕಂಡ ಮಗುವಿಗೂ ತಟ್ಟೆ ಎಂದು ಕಂಡ ಉದ್ಯಮಿಗೂ ಏನು ವ್ಯತ್ಯಾಸ? ನೋಡುವ ರೀತಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಇಬ್ಬರೂ ಎದುರಿಗೆ ಇರುವ ವಸ್ತುವನ್ನು "ಇದು ಬೇರೆ ಏನಾಗಬಹುದು?" ಎಂದು ಕೇಳಿದವರು. ಮಗು ಕೇಳಿ, ಆಡಿ, ಬಿಟ್ಟುಬಿಡುತ್ತದೆ. ಉದ್ಯಮಿ ಕೇಳಿ, ಮಾಡಿ, ಲೆಕ್ಕ ಬರೆದು, ಮತ್ತೆ ಮಾಡುತ್ತಾನೆ.

ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಉದ್ಯಮಿಯ ಕೆಲಸವನ್ನು ವಿವರಿಸಿದ್ದು ಹೆಚ್ಚುಕಡಿಮೆ ಹೀಗೆಯೇ. ಉದ್ಯಮಿ ಎಂದರೆ ಹಣ ಉಳ್ಳವನು ಎಂದಲ್ಲ, ಇರುವುದನ್ನೇ ಹೊಸದಾಗಿ ಜೋಡಿಸುವವನು. ಆ ಹೊಸ ಜೋಡಣೆ ಐದು ಬಗೆಯದ್ದು: ಹೊಸ ವಸ್ತು, ಮಾಡುವ ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಹೊಸ ಬಗೆಯ ಸಂಘಟನೆ. ಈ ಐದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮಗೆ ಇದು ಯಾಕೆ ಮುಖ್ಯ?

ಕಲ್ಪನೆ, ಉದ್ಯಮ ಎಂಬ ಮಾತೆಲ್ಲ ಬೆಂಗಳೂರಿನವರಿಗೆ, ನಮಗೆ ಅಡಿಕೆ ಇದೆ, ಗಲ್ಫ್ ಇದೆ ಎಂದು ನೀವು ಹೇಳಬಹುದು. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ ಕಡೆಯಿಂದ ಬರುವ ವಿದ್ಯಾರ್ಥಿಗಳು ಮಾತ್ರ ಹಾಗೆ ಹೇಳಲಾರರು. ಅವರ ತೋಟಗಳಲ್ಲಿ ಹಳದಿ ಎಲೆ ರೋಗ ಇದೆ. ದಶಕಗಳಿಂದ ಇದೆ. ಮರ ಸಾಯುವುದಿಲ್ಲ, ನಿಂತಲ್ಲೇ ಹಳದಿಯಾಗಿ ಸೊರಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಪೂರ್ಣ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ಅಜ್ಜ ನೆಟ್ಟ ತೋಟವನ್ನೇ ನಂಬಿ ಮೊಮ್ಮಗ ಕೂರುವಂತಿಲ್ಲ. ಅಂಥ ಮನೆಯಲ್ಲಿ "ಇದು ಬೇರೆ ಏನಾಗಬಹುದು?" ಎಂಬುದು ಆಟದ ಪ್ರಶ್ನೆಯಲ್ಲ, ಮುಂದಿನ ವರ್ಷದ ಶಾಲಾ ಫೀಸಿನ ಪ್ರಶ್ನೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಬಂದದ್ದು ರೋಗದಿಂದಲ್ಲ, ನೀರಿನಿಂದ.

ಅಟ್ಟ ಮತ್ತು ರಾಟೆ

2022ರ ಆ ಮಳೆಗಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು ಕಡೆ ಭೂಮಿ ಕಂಪಿಸಿ ಜನ ಮನೆಯಿಂದ ಹೊರಗೆ ಓಡಿದ್ದರು. ಆಗಸ್ಟ್ ಮೊದಲ ವಾರದಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೇ ನೀರು ನುಗ್ಗಿತು. ಅಲ್ಲಿದ್ದ ನನ್ನ ಉಪ್ಪನ ಜಿನಸಿ ಅಂಗಡಿಯೊಳಗೆ ಸೊಂಟದವರೆಗೆ ಕೆಸರು ನೀರು. ಅಕ್ಕಿ, ಸಕ್ಕರೆ, ಬೇಳೆ, ಹಿಂಡಿ, ಎಲ್ಲವೂ ನೆಲದ ಮೇಲೆ ಮೂಟೆಗಳಲ್ಲಿತ್ತು. ಸುಮಾರು 60 ಸಾವಿರ ರೂಪಾಯಿಯ ಸಾಮಾನು ಒಂದು ರಾತ್ರಿಯಲ್ಲಿ ಹೋಯಿತು. ಉಪ್ಪನಿಗೆ ಆಗ 62 ವರ್ಷ. ಕೆಸರು ತೊಳೆದು ಮುಗಿಸಿದ ಸಂಜೆ ಅವರು ಬಾಗಿಲ ಚಿಲಕ ಹಾಕಿ, "ಇನ್ನು ಸಾಕು" ಎಂದರು.

ಆ ದಿನಗಳಲ್ಲಿ ನನ್ನ ತಂಗಿಯ ಮಗಳು ನಮ್ಮೊಂದಿಗಿದ್ದಳು. ಏಳು ವರ್ಷ. ಖಾಲಿ ಅಂಗಡಿಯಲ್ಲಿ ಒಬ್ಬಳೇ ಅಂಗಡಿ ಆಟ ಆಡುತ್ತಿದ್ದಳು. ಒದ್ದೆ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೆ ಒಂದು ಇಟ್ಟು ಸ್ಟೂಲ್ ಮೇಲೆ ಹತ್ತಿ, "ಉಪ್ಪಪ್ಪಾ, ಅಕ್ಕಿ ಯಾಕೆ ಕೆಳಗೇ ಮಲಗುವುದು? ನಮ್ಮ ಮನೆಯಲ್ಲಿ ಅಡಿಕೆ ಅಟ್ಟದಲ್ಲಿ ಅಲ್ವಾ ಇರುವುದು?" ಎಂದು ಕೇಳಿದಳು.

ನಾನು ಅಲ್ಲೇ ಇದ್ದೆ. ಉದ್ಯಮಶೀಲತೆಯ ಅಧ್ಯಾಯ ಪಾಠ ಮಾಡುವ ನಾನೇ ಅವಳಿಗೆ, "ಸುಮ್ಮನಿರು, ಐವತ್ತು ಕಿಲೋ ಮೂಟೆಯನ್ನು ಯಾರು ಅಟ್ಟಕ್ಕೆ ಹೊರುವುದು?" ಎಂದು ಗದರಿದೆ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬಾವಿಯ ಹತ್ತಿರದಿಂದ, "ನೀರು ಬರುತ್ತದಲ್ಲ ಮೇಲೆ, ಅಕ್ಕಿ ಬರುವುದಿಲ್ವಾ?" ಎಂದು ಕೂಗಿದಳು.

ಉಪ್ಪ ನಗಲಿಲ್ಲ, ಗದರಲೂ ಇಲ್ಲ. ಎದ್ದು ಹೋಗಿ ಬಾವಿಯ ರಾಟೆಯನ್ನು ನೋಡಿದರು. ಮರುದಿನ ಬಡಗಿಯನ್ನು ಕರೆಸಿದರು. ಅಂಗಡಿಯ ಅರ್ಧ ಭಾಗಕ್ಕೆ ಅಡಿಕೆ ಮರದ ಸಲಾಕೆಯ ಅಟ್ಟ, ಮಾಡಿನ ತೊಲೆಗೆ ಜೋಡಿ ರಾಟೆ, ಒಂದು ಹಗ್ಗ, ಒಂದು ಕೊಕ್ಕೆ. ಖರ್ಚು 7,400 ರೂಪಾಯಿ. ಒಂದೇ ರಾಟೆ ಹಗ್ಗದ ದಿಕ್ಕನ್ನಷ್ಟೇ ಬದಲಿಸುತ್ತದೆ. ಮೂಟೆಯ ಜೊತೆಗೇ ಮೇಲೇರುವ ಎರಡನೆಯ ರಾಟೆ ಇದ್ದರೆ ಎಳೆಯುವ ಭಾರ ಅರ್ಧಕ್ಕೆ ಇಳಿಯುತ್ತದೆ, ಹಗ್ಗ ಮಾತ್ರ ಎರಡರಷ್ಟು ಉದ್ದ ಎಳೆಯಬೇಕು. ವಿಜ್ಞಾನ ವಿಭಾಗದವರಿಗೆ ಇದು ಹೈಸ್ಕೂಲಿನ ಪಾಠ. ಈಗ ಮೋಡ ಕಪ್ಪಾದ ಕೂಡಲೇ ಉಪ್ಪ ಒಬ್ಬರೇ ಮೂಟೆಗಳನ್ನು ಮೇಲಕ್ಕೆ ಏರಿಸುತ್ತಾರೆ. ಅಂಗಡಿ ಇಂದಿಗೂ ತೆರೆದಿದೆ.

60 ಸಾವಿರ ನಷ್ಟದ ಎದುರು 7,400 ರೂಪಾಯಿ. ಇದಕ್ಕೆ ನಮ್ಮ ಪಠ್ಯದಲ್ಲಿ ನಷ್ಟಸಂಭವ ನಿರ್ವಹಣೆ ಎಂಬ ದೊಡ್ಡ ಹೆಸರಿದೆ. ಅಟ್ಟವೂ ರಾಟೆಯೂ ಮೂವತ್ತು ವರ್ಷ ನಮ್ಮ ಕಣ್ಣೆದುರಿಗೇ ಇದ್ದವು. ಅವೆರಡನ್ನು ಜೋಡಿಸಲು ಒಂದು ಮಗು ಬೇಕಾಯಿತು. ಜೋಡಿಸಿದ್ದನ್ನು ಕಿವಿಗೊಟ್ಟು ಕೇಳಲು ಒಬ್ಬ ದೊಡ್ಡವರೂ ಬೇಕಾದರು.

ಕೆಂಪು ಗೆರೆ

ಆ ರಾಟೆಯನ್ನು ನೋಡುತ್ತಿದ್ದಾಗಲೇ ನನಗೆ ಒಂದು ಉತ್ತರ ಪತ್ರಿಕೆ ನೆನಪಾಯಿತು.

ಅದಕ್ಕೂ ಆರು ತಿಂಗಳ ಹಿಂದೆ ನಡೆಸಿದ ಒಂದು ಕಿರುಪರೀಕ್ಷೆಯಲ್ಲಿ ಉದ್ಯಮಿಯ ಲಕ್ಷಣಗಳನ್ನು ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಎರಡು ಲಕ್ಷಣ ಬರೆದು, ಉಳಿದ ಜಾಗದಲ್ಲಿ ಒಂದು ಚಿತ್ರ ಬಿಡಿಸಿದ್ದ. ಗುಡ್ಡದ ಇಳಿಜಾರಿನ ತೋಟ. ಕೆಳಗಿನಿಂದ ಮೇಲಿನ ಅಂಗಳದವರೆಗೆ ಎರಡು ಮರಗಳ ನಡುವೆ ಹಗ್ಗ, ಅದರಲ್ಲಿ ನೇತಾಡುವ ಅಡಿಕೆ ಗೋಣಿ, ಮೇಲೆ ತಿರುಗಿಸುವ ಚಕ್ರ. ಕೆಳಗೆ, "ಉಮ್ಮನಿಗೆ ಹೊರುವುದು ಬೇಡ" ಎಂದು ಬರೆದಿದ್ದ. ನಾನು ಆ ಚಿತ್ರದ ಮೇಲೆ ಕೆಂಪು ಗೆರೆ ಎಳೆದು "ಪ್ರಶ್ನೆಗೆ ಸಂಬಂಧವಿಲ್ಲ" ಎಂದು ಬರೆದೆ. ತರಗತಿಯಲ್ಲಿ ಪತ್ರಿಕೆ ಕೊಡುವಾಗ ತಮಾಷೆಯಾಗಿ, "ಇದು ಡ್ರಾಯಿಂಗ್ ಕ್ಲಾಸ್ ಅಲ್ಲ" ಎಂದೂ ಹೇಳಿದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಉದ್ಯಮಿಯ ಲಕ್ಷಣಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಆ ತರಗತಿಯಲ್ಲಿ ಸರಿಯಾದ ಉತ್ತರ ಕೊಟ್ಟವನು ಅವನೊಬ್ಬನೇ. ಉಳಿದವರು ಲಕ್ಷಣಗಳನ್ನು ಬರೆದಿದ್ದರು, ಅವನು ತೋರಿಸಿದ್ದ.

ನಾನು ಅವನನ್ನು ಹುಡುಕಿ ಮಾತನಾಡಿಸುವಷ್ಟರಲ್ಲಿ ವರ್ಷ ಕಳೆದಿತ್ತು. ಪಿಯುಸಿ ಮುಗಿಸಿ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಆ ಚಿತ್ರದ ಬಗ್ಗೆ ಕೇಳಿದೆ. "ನೆನಪಿಲ್ಲ ಮೇಡಂ, ಸುಮ್ಮನೆ ಏನೋ ಗೀಚಿದ್ದು" ಎಂದ. ಅವನಿಗೆ ನಿಜವಾಗಿ ನೆನಪಿರಲಿಲ್ಲವೋ, ನನ್ನ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಹೇಳಿದನೋ, ಎರಡೂ ನನಗೆ ಸಮಾಧಾನ ಕೊಡುವುದಿಲ್ಲ.

ಮಕ್ಕಳ ಕಲ್ಪನೆಯನ್ನು ಯಾರೂ ಬೇಕೆಂದು ಕೊಲ್ಲುವುದಿಲ್ಲ. ಒಳ್ಳೆಯ ಮನಸ್ಸಿನವರೇ, ಸಮಯ ಇಲ್ಲದಾಗ, ಒಂದು ನಗುವಿನಿಂದ ಅದನ್ನು ಆರಿಸುತ್ತಾರೆ.

ಮರವಾದ ಮೇಲೂ ಬಗ್ಗಬಹುದು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಮ್ಮಲ್ಲಿದೆ. ಚಿಕ್ಕಂದಿನಲ್ಲಿ ಆರಿದ್ದು ಮತ್ತೆ ಹತ್ತಿಕೊಳ್ಳುವುದಿಲ್ಲ ಎಂದು ಅದರಿಂದ ತಿಳಿಯಬೇಡಿ. ನಮ್ಮ ಜಿಲ್ಲೆಯೇ ಅದಕ್ಕೆ ಎದುರು ಸಾಕ್ಷಿ ಕೊಡುತ್ತದೆ.

ಬಂಟ್ವಾಳ ತಾಲೂಕಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದವರು. ಅವರಿಗೆ ಸಿಕ್ಕಿದ ಜಮೀನು ನೀರಿಲ್ಲದ ಗುಡ್ಡದ ಇಳಿಜಾರು. ಎಲ್ಲರ ಕಣ್ಣಿಗೆ ಬೋಳು ಗುಡ್ಡವಾಗಿದ್ದ ಅಲ್ಲಿ ಅವರು ತೋಟ ಕಂಡರು. ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಒಳಗಿನ ನೀರನ್ನು ಹೊರಗೆ ಹರಿಸುವುದು ನಮ್ಮ ಕಡೆಯ ಹಳೆಯ ವಿದ್ಯೆ. ದಿನದ ಕೂಲಿ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಒಂದರ ಹಿಂದೆ ಒಂದು ಸುರಂಗ ವಿಫಲವಾಯಿತು. ಜನ ಆಡಿಕೊಂಡರು. ಕೊನೆಗೆ ನೀರು ಬಂತು, ಗುಡ್ಡದಲ್ಲಿ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅದೇ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವವರು ಸಿಗದೆ ಕಷ್ಟಪಟ್ಟವರು. ಮರಕ್ಕೇ ಹತ್ತುವ ಬೈಕು ಇದ್ದರೆ? ಎಂಥ ಮಗುವಿನ ಕನಸು ನೋಡಿ. ಅವರು ಎಂಜಿನಿಯರ್ ಒಬ್ಬರ ನೆರವಿನಿಂದ, ವರ್ಷಗಟ್ಟಲೆ ಕೈಯಿಂದ ಹಣ ಹಾಕಿ ಅದನ್ನು ನಿಜ ಮಾಡಿದರು. 2019ರಲ್ಲಿ ಆ ಬೈಕು ಮರ ಏರುವ ವಿಡಿಯೋ ದೇಶವೆಲ್ಲ ಹರಿದಾಡಿದಾಗ ಅವರ ವಯಸ್ಸು 60ರ ಆಸುಪಾಸು. ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕುಳಿತು, ಹ್ಯಾಂಡಲ್ ಹಿಡಿದು, ಎಂಜಿನ್ ಚಾಲೂ ಮಾಡಿದರೆ ಚಕ್ರಗಳು ಮರವನ್ನು ಅಪ್ಪಿ ಮೇಲೇರುತ್ತವೆ.

ಕಲ್ಪನೆ ಒಬ್ಬರ ತಲೆಯಲ್ಲೇ ಇರಬೇಕೆಂದಿಲ್ಲ, ಸಾವಿರಾರು ಜನರಿಗೂ ಸೇರಿ ಬರಬಹುದು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಆರಂಭವಾದದ್ದು ಅಡಿಕೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗಲೆಂದು. ತೋಟಗಳಲ್ಲಿ ಉಪಬೆಳೆಯಾಗಿದ್ದ ಕೊಕ್ಕೋಗೆ 1980ರ ಹೊತ್ತಿಗೆ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ರೈತರು ಕಂಗಾಲಾದರು. ಗಿಡ ಕಡಿದು ಸುಮ್ಮನಾಗಬಹುದಿತ್ತು. ಕ್ಯಾಂಪ್ಕೋ ಕೊಕ್ಕೋ ಖರೀದಿಗೆ ಇಳಿಯಿತು. ಅಷ್ಟಕ್ಕೇ ನಿಲ್ಲದೆ ನಾವೇ ಚಾಕಲೇಟು ಮಾಡಿದರೆ ಹೇಗೆ ಎಂದು ಕೇಳಿತು. ಅಡಿಕೆ ಬೆಳೆಗಾರರಿಗೂ ಚಾಕಲೇಟಿಗೂ ಎಲ್ಲಿಯ ಸಂಬಂಧ? ಆದರೂ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಎದ್ದಿತು. ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ನೀವು ತಿನ್ನುವ ಮೆಲ್ಟೋ, ಟರ್ಬೋ ಅಲ್ಲಿಯವು.

ಇನ್ನು ಹರೇಕಳ ಹಾಜಬ್ಬರು. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು, ಶಾಲೆಗೆ ಹೋದವರಲ್ಲ. ಒಮ್ಮೆ ವಿದೇಶಿ ಗಿರಾಕಿಗಳು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ ನಾಚಿದರು. ಆ ನಾಚಿಕೆಯನ್ನು ಅವರು ಮನೆಗೆ ಕೊಂಡೊಯ್ದು ಮಲಗಿಸಲಿಲ್ಲ. ತನ್ನ ಊರಿನ ಮಕ್ಕಳಿಗೆ ಹೀಗಾಗಬಾರದು ಎಂದು ಕಿತ್ತಳೆಯ ಸಂಪಾದನೆಯಿಂದ ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು ನ್ಯೂಪಡ್ಪುವಿನಲ್ಲಿ ಶಾಲೆ ತಂದರು. ಮದ್ರಸದ ಜಾಗದಲ್ಲಿ 28 ಮಕ್ಕಳಿಂದ ಆರಂಭವಾದ ಶಾಲೆ ಹೈಸ್ಕೂಲಿನವರೆಗೆ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಲಾಭವೇ ಇಲ್ಲದ ಉದ್ಯಮವೂ ಉದ್ಯಮವೇ. ಅಲ್ಲಿ ಲಾಭ ಬೇರೆಯವರ ಖಾತೆಗೆ ಜಮೆಯಾಗುತ್ತದೆ, ಅಷ್ಟೇ.

ಈ ನಾಲ್ಕು ಉದಾಹರಣೆಗಳಲ್ಲಿ ಯಾವುದು ಶುಂಪೀಟರ್ ಹೇಳಿದ ಯಾವ ಬಗೆಗೆ ಸೇರುತ್ತದೆ? ನೀವೇ ಗುರುತಿಸಿ. ಒಂದೇ ಉದಾಹರಣೆ ಎರಡು ಬಗೆಗೂ ಸೇರಬಹುದು. ಯಾವ ಬಗೆಗೂ ಸೇರದ್ದು ಕಂಡರೆ ಪಟ್ಟಿಯನ್ನೇ ಪ್ರಶ್ನಿಸಿ, ತಪ್ಪಿಲ್ಲ.

ಆಟವೂ ಕೆಲಸವೂ ಒಂದೇ ಕೈಯಲ್ಲಿ

ಆಟ ಬೇರೆ, ಕೆಲಸ ಬೇರೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಇಂದಿನ ಟರ್ಕಿಯ ದಿಯಾರ್‌ಬಕೀರಿನ ಅರಮನೆಯಲ್ಲಿ ಕೆಲಸ ಮಾಡುತ್ತಿದ್ದ ಅಲ್ ಜಝರಿ ಎಂಬ ಯಂತ್ರತಜ್ಞರು 1206ರಲ್ಲಿ ಯಂತ್ರಗಳ ಒಂದು ಗ್ರಂಥ ಬರೆದು ಮುಗಿಸಿದರು. ಅದರಲ್ಲಿ ಆನೆಯ ಬೆನ್ನ ಮೇಲೆ ಕಟ್ಟಿದ ಗಡಿಯಾರವಿದೆ. ಹೊತ್ತಾದಾಗ ಹಕ್ಕಿ ತಿರುಗುತ್ತದೆ, ಸರ್ಪ ಬಾಗುತ್ತದೆ, ಮಾವುತ ಬಡಿಯುತ್ತಾನೆ. ನೋಡಿದರೆ ಮಕ್ಕಳ ಆಟಿಕೆ. ಅದೇ ಗ್ರಂಥದಲ್ಲಿ ಹೊಳೆಯಿಂದ ನೀರೆತ್ತುವ ಯಂತ್ರಗಳೂ ಇವೆ. ಆನೆಯನ್ನು ಕಲ್ಪಿಸಿದ ತಲೆಯೇ ಹೊಲಕ್ಕೆ ನೀರೂ ಎತ್ತಿತು.

ನಮ್ಮ ಪುತ್ತೂರಿನಲ್ಲೇ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕ, ಚಿತ್ರ, ಪ್ರಕೃತಿಯ ಮೂಲಕ ಕಲಿಸುವ ಪ್ರಯೋಗ ನಡೆಸಿದರು. ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ಪರ್ಲಡ್ಕದ ಬಾಲವನ ಇಂದಿಗೂ ಇದೆ. ಪುತ್ತೂರಿಗೆ ಹೋದಾಗ ಒಮ್ಮೆ ಒಳಗೆ ಹೋಗಿ ಬನ್ನಿ.

ನೆಲ್ಲಿಕಾಯಿ ಗೋಪುರ

ಮಕ್ಕಳಿಂದ ಕಲಿಯುವುದು ಕಲ್ಪನೆಯನ್ನು ಮಾತ್ರವಲ್ಲ, ಮಾಡುವ ಕ್ರಮವನ್ನೂ. ವಿನ್ಯಾಸಕಾರ ಪೀಟರ್ ಸ್ಕಿಲ್‌ಮನ್ ಒಂದು ಸ್ಪರ್ಧೆ ರೂಪಿಸಿದರು. ಪ್ರತಿ ಗುಂಪಿಗೆ 20 ಸ್ಪಗೆಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮೆತ್ತನೆಯ ಮಿಠಾಯಿ. ಸಮಯ 18 ನಿಮಿಷ. ಮಿಠಾಯಿ ತುದಿಯಲ್ಲಿ ನಿಲ್ಲುವಂತೆ ಅತಿ ಎತ್ತರದ ಗೋಪುರ ಕಟ್ಟಬೇಕು. ಹಲವು ಗುಂಪುಗಳ ಮೇಲೆ ಇದನ್ನು ನಡೆಸಿದಾಗ ಬಿಸಿನೆಸ್ ಸ್ಕೂಲಿನ ಪದವೀಧರರಿಗಿಂತ ಬಾಲವಾಡಿಯ ಮಕ್ಕಳ ಗೋಪುರಗಳೇ ಎತ್ತರವಾಗಿದ್ದವು.

ಕಳೆದ ವರ್ಷ ನಾನು ಇದನ್ನು ನಮ್ಮ ತರಗತಿಯಲ್ಲಿ ಹಿಡಿಸೂಡಿ ಕಡ್ಡಿ, ದಾರ, ಒಂದು ನೆಲ್ಲಿಕಾಯಿ ಕೊಟ್ಟು ಮಾಡಿಸಿದೆ. ನಾಲ್ಕು ಗುಂಪು. ಮೂರು ಗುಂಪುಗಳಲ್ಲಿ ಮೊದಲ ಐದು ನಿಮಿಷ ಲೀಡರ್ ಯಾರು ಎಂಬ ಚರ್ಚೆ. ಆಮೇಲೆ ಕಾಗದದಲ್ಲಿ ಪ್ಲಾನ್. ಕೊನೆಯ ನಿಮಿಷದಲ್ಲಿ ನೆಲ್ಲಿಕಾಯಿ ಇಟ್ಟ ಕೂಡಲೇ ಗೋಪುರ ಮುಗ್ಗರಿಸಿತು. ನಾಲ್ಕನೆಯ ಗುಂಪು ಮೊದಲ ನಿಮಿಷದಲ್ಲೇ ಒಂದು ಗಿಡ್ಡ ಗೋಪುರ ಕಟ್ಟಿ ನೆಲ್ಲಿಕಾಯಿ ಇಟ್ಟು ನೋಡಿತು. ಬಿತ್ತು. ಮತ್ತೆ ಕಟ್ಟಿತು. ಐದನೆಯ ಸಲ ನಿಂತಿತು.

ಮಕ್ಕಳು ಗೆಲ್ಲುವುದು ಹೀಗೆಯೇ. ಅವರು ನೆಲ್ಲಿಕಾಯಿಯನ್ನು ಮೊದಲೇ ಇಟ್ಟು ನೋಡುತ್ತಾರೆ. ಚಿಕ್ಕದಾಗಿ, ಬೇಗ, ಕಡಿಮೆ ಖರ್ಚಿನಲ್ಲಿ ಸೋಲುತ್ತಾರೆ. ದೊಡ್ಡವರು ಸೋಲನ್ನು ಕೊನೆಯವರೆಗೆ ಮುಂದೂಡಿ ಒಮ್ಮೆಲೇ ದೊಡ್ಡದಾಗಿ ಸೋಲುತ್ತಾರೆ. ನಿಮಗೆ ಹಾಳೆ ತಟ್ಟೆಯ ಘಟಕ ಮಾಡುವ ಆಸೆಯಿದ್ದರೆ ಮೊದಲು ಸಾಲ ಮಾಡಿ ಯಂತ್ರ ತರಬೇಡಿ. ಬೇರೆಯವರ ಘಟಕದಿಂದ ನೂರು ತಟ್ಟೆ ತಂದು ನಿಮ್ಮ ಪೇಟೆಯಲ್ಲಿ ಮಾರಿ ನೋಡಿ. ಆ ನೂರು ತಟ್ಟೆಯೇ ನಿಮ್ಮ ನೆಲ್ಲಿಕಾಯಿ.

ಉಮ್ಮನ ಹಪ್ಪಳದ ಲೆಕ್ಕ

ಕಲ್ಪನೆ ಒಂದಿದ್ದರೆ ಸಾಕೇ? ಸಾಲದು. ಇಲ್ಲಿ ದೊಡ್ಡವರ ಕೆಲಸ ಶುರುವಾಗುತ್ತದೆ.

ಅಂಗಡಿಗೆ ನೀರು ನುಗ್ಗಿದ ಮುಂದಿನ ಬೇಸಿಗೆಯಲ್ಲಿ ನನ್ನ ಉಮ್ಮ ಹಲಸಿನ ಹಪ್ಪಳ ಮಾಡಿ ಮಾರಲು ಶುರು ಮಾಡಿದರು. ಒಂದಕ್ಕೆ 2 ರೂಪಾಯಿ. ಬೇಗ ಖಾಲಿಯಾಯಿತು, ಎಲ್ಲರೂ ಹೊಗಳಿದರು. 100 ಹಪ್ಪಳಕ್ಕೆ 200 ರೂಪಾಯಿ ಬಂತು. ಉಪ್ಪು, ಮೆಣಸು, ಜೀರಿಗೆಗೆ 25, ಗ್ಯಾಸಿಗೆ 30, ಪ್ಯಾಕೆಟಿಗೆ 15, ಒಟ್ಟು ಖರ್ಚು 70. "130 ರೂಪಾಯಿ ಲಾಭ" ಎಂದು ಉಮ್ಮ ಹಿಗ್ಗಿದರು.

ನಾನು ಕಾಗದ ಹಿಡಿದು ಕುಳಿತೆ. ಹಲಸು ಮನೆಯದ್ದಾದರೂ ಮಾರಿದ್ದರೆ 60 ರೂಪಾಯಿ ಬರುತ್ತಿತ್ತು. ಅದೂ ಖರ್ಚೇ, ಈಗ ಖರ್ಚು 130. ಉಳಿದದ್ದು 70. ಅದಕ್ಕಾಗಿ ಉಮ್ಮ ಬೇಯಿಸಿ, ಅರೆದು, ಒತ್ತಿ, ಒಣಗಿಸಿದ್ದು ಐದು ಗಂಟೆ. ಗಂಟೆಗೆ 14 ರೂಪಾಯಿ ಕೂಲಿ! ಗಂಟೆಗೆ 50 ಎಂದು ಹಿಡಿದರೂ ಕೂಲಿ 250, ಒಟ್ಟು ವೆಚ್ಚ 380. ಅಂದರೆ 100 ಹಪ್ಪಳಕ್ಕೆ 180 ರೂಪಾಯಿ ನಷ್ಟ.

ಉಮ್ಮನ ಮುಖ ಬಾಡಿತು. ಕೆಂಪು ಗೆರೆಯ ನೆನಪಾಗಿ ನಾನು ಲೆಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. "ಹಾಗಾದರೆ ಏನು ಮಾಡಬಹುದು?" ಎಂದು ಕೇಳಿದೆ. ಉಮ್ಮ ಒಂದು ರಾತ್ರಿ ಯೋಚಿಸಿ ಹೇಳಿದರು: ನೆರೆಮನೆಯವರಿಗೆ ಹಪ್ಪಳ ಹೊಸದಲ್ಲ, ಅವರು 2 ರೂಪಾಯಿಗಿಂತ ಹೆಚ್ಚು ಕೊಡಲಾರರು. ಆದರೆ ನಮ್ಮ ಅಂಗಡಿ ಇರುವುದು ಮಾಣಿ-ಮೈಸೂರು ಹೆದ್ದಾರಿಯಲ್ಲಿ. ಘಾಟಿ ಹತ್ತುವ ಮೊದಲು ಎಷ್ಟೋ ಕಾರುಗಳು ನಿಲ್ಲುತ್ತವೆ. ಅವರಿಗೆ ಹಲಸಿನ ಹಪ್ಪಳ ಅಪರೂಪ. 20 ಹಪ್ಪಳದ ಕಟ್ಟು, ಮೇಲೆ ಮಾಡಿದ ದಿನಾಂಕ, ಬೆಲೆ 90 ರೂಪಾಯಿ. 100 ಹಪ್ಪಳಕ್ಕೆ 450 ಬರುತ್ತದೆ, ಕೂಲಿಯೂ ಕಳೆದು 70 ಉಳಿಯುತ್ತದೆ.

ಹಪ್ಪಳ ಅದೇ, ಮಾರುಕಟ್ಟೆ ಹೊಸದು. ಶುಂಪೀಟರ್ ಓದದ ಉಮ್ಮ ಮೂರನೆಯ ಬಗೆಯನ್ನು ಅಡಿಗೆ ಕೋಣೆಯಲ್ಲಿ ಕಂಡುಕೊಂಡರು. ತೋಟದಲ್ಲಿ ಕೊಳೆತು ಹೋಗುವ ಹಲಸಿನಲ್ಲೂ ಸಂಪಾದನೆ ಇದೆ ಎಂದು ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ 'ಅಡಿಕೆ ಪತ್ರಿಕೆ' ವರ್ಷಗಳಿಂದ ಬರೆಯುತ್ತಿದೆ. ನಮ್ಮ ಲೈಬ್ರರಿಯಲ್ಲಿ ಕೂತು ಇಂಥ ಪತ್ರಿಕೆಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ನೆನಪಿಡಿ: ಲೆಕ್ಕವಿಲ್ಲದ ಕಲ್ಪನೆ ಉಮ್ಮನನ್ನು ಗಂಟೆಗೆ 14 ರೂಪಾಯಿಗೆ ದುಡಿಸುತ್ತದೆ. ಕಲ್ಪನೆಯಿಲ್ಲದ ಲೆಕ್ಕ ಅಂಗಡಿಗೆ ಚಿಲಕ ಹಾಕಿಸುತ್ತದೆ.

ನಾವು ಮಾಡಬಹುದಾದದ್ದು

ವಿದ್ಯಾರ್ಥಿಗಳಿಗೆ: ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಮನೆಯಲ್ಲಿ ಯಾರಾದರೂ "ಛೆ, ಎಂಥ ಕಷ್ಟ" ಎಂದದ್ದನ್ನು ಬರೆಯಿರಿ. ಎದುರು ಪುಟದಲ್ಲಿ "ಹೀಗಾದರೆ ಹೇಗೆ?" ಎಂದು ಒಂದು ಯೋಚನೆ ಬರೆಯಿರಿ ಅಥವಾ ಚಿತ್ರ ಬಿಡಿಸಿ. ತಿಂಗಳಿಗೆ ಒಂದನ್ನು 100 ರೂಪಾಯಿಯೊಳಗೆ ಮಾಡಿ ನೋಡಿ. ಸೋತರೆ ಎಲ್ಲಿ ಸೋತಿತು ಎಂದು ಒಂದು ಸಾಲು ಬರೆಯಿರಿ.

ಹೆತ್ತವರಿಗೆ: ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗದರಬೇಡಿ. "ಆಮೇಲೆ?" ಎಂದು ಕೇಳಿ. ಆ ಒಂದು ಪದಕ್ಕೆ ಖರ್ಚಿಲ್ಲ. ಮಗುವಿನ ಕೈಗೆ ಚಿಕ್ಕ ವ್ಯವಹಾರ ಕೊಡಿ. ಹತ್ತು ಲಿಂಬೆ ಮಾರಿ ಬಂದು ಲೆಕ್ಕ ಒಪ್ಪಿಸಲಿ. ಲೆಕ್ಕ ತಪ್ಪಿದರೆ ನಗಬೇಡಿ.

ಅಧ್ಯಾಪಕ ಮಿತ್ರರಿಗೆ ಬುದ್ಧಿ ಹೇಳುವ ಅರ್ಹತೆ ನನಗಿಲ್ಲ. ನಾನು ಮಾಡುತ್ತಿರುವುದನ್ನು ಮಾತ್ರ ಹೇಳುತ್ತೇನೆ. ನನ್ನ ಕಿರುಪರೀಕ್ಷೆಗಳ ಕೊನೆಯ ಪುಟವನ್ನು ಈಗ ಖಾಲಿ ಬಿಡಲು ಹೇಳುತ್ತೇನೆ. ಉತ್ತರ ಬರೆದು ಮುಗಿದ ಮೇಲೆ ತಲೆಗೆ ಬಂದದ್ದನ್ನು ಅಲ್ಲಿ ಬರೆಯಬಹುದು, ಚಿತ್ರ ಬಿಡಿಸಬಹುದು. ಅದಕ್ಕೆ ಅಂಕವಿಲ್ಲ, ಕೆಂಪು ಗೆರೆಯೂ ಇಲ್ಲ. ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಮಾತ್ರ ಬರೆದು ಕೊಡುತ್ತೇನೆ. ಹೆಚ್ಚಿನ ಪುಟಗಳು ಖಾಲಿಯೇ ಬರುತ್ತವೆ. ಕೆಲವದರಲ್ಲಿ ಕ್ರಿಕೆಟ್ ಆಟಗಾರರ ಹೆಸರು. ಕಳೆದ ಸಲ ಒಬ್ಬಳು ಹಾಸ್ಟೆಲ್ ಬಟ್ಟೆಗಳು ಮಳೆಗಾಲದಲ್ಲಿ ಒಣಗಲು ಅಡಿಗೆ ಕೋಣೆಯ ಹೊಗೆಗೂಡಿನ ಬಿಸಿಯನ್ನು ಬಳಸುವ ಚಿತ್ರ ಬಿಡಿಸಿದ್ದಳು. "ಬಟ್ಟೆಗೆ ಹೊಗೆ ವಾಸನೆ ಬಾರದಂತೆ ಏನು ಮಾಡುವೆ?" ಎಂದು ಬರೆದು ಕೊಟ್ಟೆ. ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಅವಳು ನಿಂತಿದ್ದಳು, ಕೈಯಲ್ಲಿ ಇನ್ನೊಂದು ಚಿತ್ರ.

ಆ ಹುಡುಗನಿಗೆ ನಾನು ಕೇಳಬೇಕಾಗಿದ್ದದ್ದು ಇಷ್ಟೇ: ಗೋಣಿ ಮೇಲೆ ಬಂದ ಮೇಲೆ ಹಗ್ಗ ಹಿಂದಕ್ಕೆ ಹೇಗೆ ಹೋಗುತ್ತದೆ? ಅವನು ಈ ಬರಹ ಓದಿದರೆ, ಆ ಪ್ರಶ್ನೆ ಇನ್ನೂ ನನ್ನಲ್ಲಿದೆ ಎಂದು ತಿಳಿಯಲಿ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ, ಅವನು ಒಪ್ಪಿದರೆ, ಚಿತ್ರ ಸಹಿತ ಪ್ರಕಟಿಸೋಣ.